ಸತ್ತ ಹೊಳೆಯ ದಿಣ್ಣೆ

ಬಾವಾನಿಗೆ ಒಂದು ಕೆಮ್ಮು ಇತ್ತು. ರೋಗದ ಕೆಮ್ಮಲ್ಲ, ಮರ್ಯಾದೆಯ ಕೆಮ್ಮು. ಯಾರ ಬಾಗಿಲಿಗೆ ಹೋದರೂ ಮೊದಲು ಗಂಟಲು ಸರಿಮಾಡಿಕೊಂಡು, ಒಳಗಿನವರು ಸಾವರಿಸಿಕೊಳ್ಳಲಿ ಎಂದು ಒಂದಿಷ್ಟು ಹೊತ್ತು ನಿಂತು, ಆಮೇಲೆಯೇ ಅವನು ಹೊಸಿಲು ದಾಟುವುದು. ಹೇಳದೆ ಕೇಳದೆ ನುಗ್ಗಿದರೆ ಕಾಣಬಾರದ್ದು ಕಣ್ಣಿಗೆ ಬೀಳುತ್ತದೆ ಎಂದು ಹರೇಕಳದ ಮನೆಯಲ್ಲಿ ಅವನ ತಾಯಿ, ಉಮ್ಮ, ಕಲಿಸಿದ್ದಳು. ಕುವೈಟಿನ ಫರ್ವಾನಿಯಾದ ಕೋಣೆಯಲ್ಲಿ ಜೊತೆಗಿದ್ದವರು ಆ ಕೆಮ್ಮನ್ನು ಅಣಕಿಸಿ ನಗುತ್ತಿದ್ದರು. ನಗಲಿ. ಮರ್ಯಾದೆ ಇದ್ದವನನ್ನು ಕಂಡು ಮರ್ಯಾದೆ ಇಲ್ಲದವರು ನಗುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಆದರೆ ಅದೇ ಮರ್ಯಾದೆ ಒಂದು ಮಧ್ಯಾಹ್ನ ಅವನನ್ನು ಕೂತಲ್ಲೇ ಕೂರಿಸಿಬಿಟ್ಟಿತು. ಆಮೇಲಿನ ಒಂದು ವರ್ಷವನ್ನು ಅವನು ಆ ಮಧ್ಯಾಹ್ನದ ಜೊತೆಗೇ ಕಳೆದ.

ಕುವೈಟಿಗೆ ಬಂದ ಹೊಸದರಲ್ಲಿ ಬಾವಾ ಮಿರ್ಕಾಬಿನ ಬಟ್ಟೆ ಅಂಗಡಿಯೊಂದರಲ್ಲಿ ಥಾನು ಬಿಚ್ಚಿ ಸುತ್ತುವ ಕೆಲಸ ಮಾಡಿದ್ದ. ಬೆನ್ನು ಸೋತ ಮೇಲೆ ಲೈಸೆನ್ಸ್ ಮಾಡಿಸಿಕೊಂಡು ನೀರಿನ ಟ್ಯಾಂಕರ್ ಹತ್ತಿದ. ಉತ್ತರದ ಮರಳುಗಾಡಿನಲ್ಲಿ ಅವನ ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ ಧಣಿಯ, ಜಲ್ಲಿ ಕ್ವಾರಿ ಇತ್ತು. ಜಲ್ಲಿ ಜರಡಿ ಹಿಡಿಯುವ ಯಂತ್ರ, ತಗಡು ಹೊದೆಸಿದ ಕೋಣೆಗಳ ಒಂದು ಸಾಲು, ತುದಿಯಲ್ಲಿ ಅಡುಗೆಮನೆ, ಇಷ್ಟೇ ಆ ಕ್ಯಾಂಪು. ಅಡುಗೆಯವನು ಅಡ್ಯಾರಿನ ದೇಜಪ್ಪ. ಹರೇಕಳದ ದೋಣಿಕಡವಿನಲ್ಲಿ ನಿಂತರೆ ಆಚೆ ದಡದ ಅಡ್ಯಾರಿನ ತೆಂಗಿನಮರಗಳು ಕಾಣುತ್ತವೆ. ಒಂದೇ ನೇತ್ರಾವತಿಯಲ್ಲಿ ಈಜು ಕಲಿತ ಈ ಇಬ್ಬರು ಒಬ್ಬರ ಮುಖ ಒಬ್ಬರು ನೋಡಲು ಹನಿ ನೀರಿಲ್ಲದ ಈ ಊರಿಗೆ ಬರಬೇಕಾಯಿತು. ಬಾವಾನ ಮನೆಮಾತು ಬ್ಯಾರಿ, ದೇಜಪ್ಪನದು ತುಳು. ಇಬ್ಬರೂ ತುಳುವಿನಲ್ಲೇ ಜಗಳವಾಡುತ್ತಿದ್ದರು, ತುಳುವಿನಲ್ಲೇ ರಾಜಿಯಾಗುತ್ತಿದ್ದರು.

ಕ್ಯಾಂಪಿನ ಹಿಂದೆ ಒಂದು ದಿಣ್ಣೆ. ಎತ್ತರ ಹೆಚ್ಚೇನಿಲ್ಲ, ತಗಡಿನ ಮಾಡಿಗಿಂತ ಸ್ವಲ್ಪ ಮೇಲೆ. ಉದ್ದ ಮಾತ್ರ ಕಣ್ಣು ಹೋದಷ್ಟೂ. ಸುತ್ತಲೂ ರೊಟ್ಟಿಯ ಹಂಚಿನಂತೆ ಸಮತಟ್ಟಾದ ನೆಲ, ನಡುವೆ ಇದೊಂದು ಬಳುಕುತ್ತ ಹೋಗುತ್ತಿತ್ತು. ಬಂದ ಮೊದಲ ದಿನವೇ ದೇಜಪ್ಪ ಅದರಿಂದ ಒಂದು ಕಲ್ಲು ಎತ್ತಿಕೊಂಡು ಅಂಗೈಯಲ್ಲಿ ಉರುಳಿಸಿದ. ಕೋಳಿಮೊಟ್ಟೆಯಷ್ಟು ನುಣ್ಣಗಿತ್ತು. "ಇದು ಹೊಳೆಕಲ್ಲು ಮಾರಾಯ. ನೀರಿನಲ್ಲಿ ಉರುಳದೆ ಕಲ್ಲು ಹೀಗೆ ಆಗುವುದಿಲ್ಲ," ಎಂದ. ಬಾವಾ ನಕ್ಕುಬಿಟ್ಟ. ಇಲ್ಲಿ ನೀರು ಎಂದರೆ ತನ್ನ ಟ್ಯಾಂಕರಿನದ್ದು ಮಾತ್ರ ಎಂಬ ಜಂಬ ಅವನಿಗೆ.

ಕ್ವಾರಿಗೆ ಆಗಾಗ ಬರುತ್ತಿದ್ದ ಫಿನ್ಲೆಂಡಿನ ಮುದುಕ ಇಂಜಿನಿಯರ್ ದೇಜಪ್ಪನ ಮೀನುಸಾರಿಗೆ ಮರುಳಾಗಿದ್ದ. ಒಂದು ದಿನ ಊಟದ ನಡುವೆ ಅವನು ದಿಣ್ಣೆಯ ಕಥೆ ಹೇಳಿದ, ಸೂಪರ್‌ವೈಸರ್ ಮಥಾಯಸ್ ಅದನ್ನು ಕನ್ನಡಕ್ಕೆ ತಂದ. ಹಿಂದೊಂದು ಕಾಲದಲ್ಲಿ ಅವನ ದೇಶಕ್ಕೆ ದೇಶವೇ ಹಿಮದ ಕೆಳಗಿತ್ತಂತೆ. ಹಿಮ ಜರುಗುತ್ತ ದಬ್ಬಿಕೊಂಡು ಬಂದ ಕಲ್ಲುಮಣ್ಣು ಅಂಚಿನಲ್ಲಿ ಗುಡ್ಡಗಳಾಗಿ ಬಿತ್ತಂತೆ. ಹಿಮದ ಹೊಟ್ಟೆಯೊಳಗೆ ಸುರಂಗ ಕೊರೆದು ಹೊಳೆಗಳೂ ಹರಿಯುತ್ತಿದ್ದವು. ಅವುಗಳ ತಳದಲ್ಲಿ ಜಲ್ಲಿ ಕೂತು ಕೂತು ತುಂಬಿತು. ಕೊನೆಗೆ ಹಿಮ ಕರಗಿತು, ಹೊಳೆಯೂ ಹೋಯಿತು, ಹೊಳೆಯ ತಳ ಮಾತ್ರ ಉದ್ದನೆಯ ದಿಣ್ಣೆಯಾಗಿ ನೆಲದ ಮೇಲೆ ಉಳಿಯಿತು. ಅವನ ಊರಿನ ರಸ್ತೆ ಅಂಥದೊಂದು ದಿಣ್ಣೆಯ ಬೆನ್ನ ಮೇಲೇ ಹೋಗುತ್ತದಂತೆ.

"ಇಲ್ಲಿ ಹಿಮ ಎಲ್ಲಿಂದ ಬಂತು?" ಎಂದು ಬಾವಾ ಕೇಳಿದ.

ಇಲ್ಲಿ ಹಿಮ ಇರಲಿಲ್ಲ, ಪಶ್ಚಿಮದ ಬೆಟ್ಟಗಳಿಂದ ಇಳಿದು ಬಂದ ಮಳೆಯ ಹೊಳೆ ಇತ್ತು ಎಂದ ಮುದುಕ. ಅದು ಒಣಗಿದ ಮೇಲೆ ಎರಡೂ ದಡದ ಮೆತ್ತನೆಯ ನೆಲವನ್ನು ಗಾಳಿ ಕೆರೆದು ಒಯ್ದಿತು. ಜಲ್ಲಿ ಭಾರ, ಹಾರಲಿಲ್ಲ. ದಡ ತಗ್ಗಾಯಿತು, ಹೊಳೆ ಎತ್ತರವಾಯಿತು. ನಾವು ದಿಣ್ಣೆ ಹತ್ತಿದೆವು ಎಂದರೆ ಹೊಳೆಯೊಳಗೆ ಇಳಿದೆವು ಎಂದೇ ಲೆಕ್ಕ.

ಎಲ್ಲರೂ ತಲೆಯಾಡಿಸಿ ಕೈತೊಳೆಯಲು ಎದ್ದರು. ದೇಜಪ್ಪ ಏಳಲಿಲ್ಲ. "ಹಾಗಾದರೆ ಅದು ಹೊಳೆಯ ಹೆಣ," ಎಂದ ಮೆಲ್ಲಗೆ. "ಇದರ ಬೊಜ್ಜ ಮಾಡಿದ್ದು ಯಾರು?"

ಬೊಜ್ಜ ಎಂದರೆ ತುಳುವರ ಉತ್ತರಕ್ರಿಯೆ. ಅದು ಆಗದ ಜೀವ ಕುಲೆಯಾಗಿ, ನೆಲೆಯಿಲ್ಲದೆ ಅಲೆಯುತ್ತದೆ. ಆಟಿ ತಿಂಗಳಲ್ಲಿ, ನಮ್ಮ ಕಡೆ ಮಳೆ ಹೊಯ್ಯುವ ಜುಲೈ ಆಗಸ್ಟಿನಲ್ಲಿ, ಕುಲೆಗಳಿಗೆ ಎಲೆ ಹಾಕಿ ಬಡಿಸುವುದುಂಟು. ಬಡಿಸಿ ಬಾಗಿಲು ಎಳೆದುಕೊಂಡು ಹೊರಗೆ ಕೂರಬೇಕು. ಇಣುಕಬಾರದು. ಅವರು ಉಂಡು ಮುಗಿಸುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿಯೋ ಕೆಮ್ಮಿಯೋ ಒಳಗೆ ಹೋಗಬೇಕು. ದೇಜಪ್ಪ ಪ್ರತಿ ವರ್ಷ ಕ್ಯಾಂಪಿನಲ್ಲೇ ತನ್ನ ಹಿರಿಯರಿಗೆ ಬಡಿಸುತ್ತಿದ್ದವನು, ಅಂದಿನಿಂದ ಹೊಳೆಗೂ ಒಂದು ಎಲೆ ಹೆಚ್ಚು ಹಾಕತೊಡಗಿದ. ಬಾಳೆಲೆ ಎಲ್ಲಿಂದ ಬರಬೇಕು? ರೊಟ್ಟಿ ಸುತ್ತುವ ಫಾಯಿಲ್ ಹಾಸುತ್ತಿದ್ದ. ದಿಣ್ಣೆಯ ಮೇಲೆ ಅನ್ನ, ಕೋಳಿಸಾರು, ಒಂದು ಸ್ಟೀಲ್ ಲೋಟ, ಪಕ್ಕದಲ್ಲಿ ತುಂಬಿದ ಕ್ಯಾನ್ ನೀರು. ಹೊಳೆಯಲ್ಲವೇ, ಲೋಟದ ನೀರು ಅದರ ಗಂಟಲಿಗೂ ಸಾಲದು. ದಿಣ್ಣೆಗೆ ಬಾಗಿಲಿಲ್ಲ, ಆದ್ದರಿಂದ ಕೆಳಗೆ ಬಂದು ಬೆನ್ನು ಹಾಕಿ ಕೂರುವುದು ಕ್ರಮವಾಯಿತು.

"ನೋಡು, ಕ್ಯಾನಿನ ನೀರು ಇಳಿದಿದೆ," ಎನ್ನುತ್ತಿದ್ದ ಆಮೇಲೆ.

"ದೇಜಣ್ಣ, ಈ ಬಿಸಿಲಿಗೆ ನಾನೇ ಇಳಿದು ಹೋಗಿದ್ದೇನೆ. ನೀರು ಇಳಿಯಲಿಕ್ಕೆ ಕುಲೆ ಬೇಕಾ?" ಎಂದು ಬಾವಾ ಕಾಲೆಳೆಯುತ್ತಿದ್ದ. ಆದರೆ ಒಂದು ಸಂಜೆ, ದೇಜಪ್ಪನ ಒತ್ತಾಯಕ್ಕೆ, ಅವನು ದಿಣ್ಣೆಯ ಮೇಲೆ ಮಲಗಿ ಕಲ್ಲುಗಳಿಗೆ ಕಿವಿಯಿಟ್ಟ. ಮೊದಲು ತನ್ನದೇ ರಕ್ತದ ಸದ್ದು ಕೇಳಿತು. ಅದರ ಕೆಳಗೆ, ಬಹಳ ಕೆಳಗೆ, ಕಡವಿನ ದೋಣಿಯ ಪಕ್ಕೆಗೆ ನೀರು ಉಜ್ಜಿಕೊಂಡು ಹೋಗುವ ಸದ್ದು. ಅವನು ಎದ್ದು ಅಂಗಿ ಕೊಡವಿಕೊಂಡು, ಏನೂ ಕೇಳಲಿಲ್ಲ ಎಂದು ಹೇಳಿದ. ಅಂದಿನಿಂದ ಕಾಲೆಳೆಯುವುದನ್ನು ನಿಲ್ಲಿಸಿದ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಬೆಳಗಾಗುವಾಗ ಹೆದ್ದಾರಿ ತುಂಬ ಧೂಳು. ಮಥಾಯಸ್ ಎಲ್ಲರನ್ನೂ ಪಿಕಪ್ಪಿಗೆ ತುಂಬಿಸಿಕೊಂಡು "ಯಲ್ಲಾ ಯಲ್ಲಾ" ಎಂದು ಕೂಗುತ್ತ ಫರ್ವಾನಿಯಾದ ಕಡೆ ಹೊರಟ. ಬಾವಾ ಹೊರಡುವಂತಿರಲಿಲ್ಲ. ಸೈನಿಕರಿಗೆ ಅವನ ಟ್ಯಾಂಕರ್ ಬೇಕಿತ್ತು, ಟ್ಯಾಂಕರ್ ಓಡಿಸಲು ಅವನು ಬೇಕಿತ್ತು. ಕೋವಿಯ ತುದಿಯಿಂದ ಸೀಟನ್ನು ತೋರಿಸಿ "ಮಾಯ್, ಮಾಯ್" ಎಂದರು. ನೀರು, ನೀರು. ಪಿಕಪ್ಪಿನ ಹಿಂದೆ ಹತ್ತಿ ಕೂತಿದ್ದ ದೇಜಪ್ಪ ಅದನ್ನು ನೋಡಿ ತನ್ನ ಗಂಟು ಹಿಡಿದುಕೊಂಡು ಇಳಿದುಬಿಟ್ಟ.

"ಹೋಗಿ ದೇಜಣ್ಣ! ಹುಚ್ಚಾ ನಿಮಗೆ?"

"ನಿನಗೆ ಅನ್ನ ಬೇಯಿಸಿಕೊಳ್ಳಲಿಕ್ಕೆ ಗೊತ್ತುಂಟಾ?" ಎಂದ ದೇಜಪ್ಪ. ಗಂಟು ಎತ್ತಿಕೊಂಡು ಅಡುಗೆಮನೆಯ ಕಡೆ ನಡೆದ.

ಆಟಿ ಮುಗಿಯುತ್ತ ಬಂದಿತ್ತು. ಆ ವರ್ಷ ಕೋಳಿಯಿಲ್ಲ, ಡಬ್ಬಿ ಮೀನಿನ ಸಾರು. ದೇಜಪ್ಪನಿಗೆ ಆಗಲೇ ಎದೆ ಹಿಡಿದಂತಾಗುತ್ತಿತ್ತು. ಬಾಮ್ ತಿಕ್ಕಿಕೊಂಡು ತಿರುಗುತ್ತಿದ್ದ. ಎಲೆ ಹಾಕುವುದು ಬೇಡ ಎಂದು ಬಾವಾ ಎಷ್ಟು ಹೇಳಿದರೂ ಕೇಳಲಿಲ್ಲ. ಉರಿಬಿಸಿಲಿನಲ್ಲಿ ಕ್ಯಾನ್ ಹೊತ್ತು ದಿಣ್ಣೆ ಹತ್ತಿದ. ಬಾವಾ ಕ್ರಮದಂತೆ ಕೆಳಗೆ, ದಿಣ್ಣೆಗೆ ಬೆನ್ನು ಹಾಕಿ ಕೂತ. ಬಡಿಸಿ ಮುಗಿಸಿ ದೇಜಪ್ಪ ಬಂದು ಪಕ್ಕದಲ್ಲಿ ಕೂರಬೇಕಿತ್ತು.

ಬರಲಿಲ್ಲ. ಅದರ ಬದಲಿಗೆ ಹಿಂದಿನಿಂದ ನೀರು ಹರಿಯುವ ಸದ್ದು ಬಂತು. ಗುಳುಗುಳು ಎಂದು, ಕಲ್ಲುಗಳ ನಡುವೆ, ಇಳಿಜಾರಿನಲ್ಲಿ. ಬಾವಾನ ಮೈಯ ಕೂದಲು ನೆಟ್ಟಗಾಯಿತು. ಹೊಳೆ ಬಂದಿದೆ ಎಂದುಕೊಂಡ. ಬಂದು ಉಣ್ಣುತ್ತಿದೆ. ತಿರುಗಿ ನೋಡಬಾರದು. ಕಣ್ಣು ಮುಚ್ಚಿ ಬಾಯಿಗೆ ಬಂದ ಪ್ರಾರ್ಥನೆಗಳನ್ನೆಲ್ಲ ಹೇಳಿದ. ಸದ್ದು ನಿಂತಿತು. ಆದರೂ ಅವನು ಅಲುಗಲಿಲ್ಲ. ಬಂದವರಿಗೆ ಪೂರ್ತಿ ಹೊತ್ತು ಕೊಡಬೇಕಲ್ಲ, ಕೊಟ್ಟ. ನೆರಳು ಕಾಲಿನಿಂದ ಜರುಗಿ ಹೋದ ಮೇಲೆ, ಮರ್ಯಾದೆಯಿಂದ ಒಂದು ಕೆಮ್ಮು ಕೆಮ್ಮಿ, ದಿಣ್ಣೆ ಹತ್ತಿದ.

ಕ್ಯಾನ್ ಉರುಳಿಬಿದ್ದಿತ್ತು. ದೇಜಪ್ಪ ಅದರ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಒಂದು ಕೈ ಬಾವಾ ಕೂತಿದ್ದ ಕಡೆಗೆ ಚಾಚಿತ್ತು. ಉಗುರುಗಳ ಸಂದಿನಲ್ಲಿ ಮರಳು ತುಂಬಿತ್ತು. ಅಷ್ಟು ದೂರ ಅವನು ತೆವಳಿದ್ದ. ಹರಿದದ್ದು ಹೊಳೆಯಲ್ಲ, ಬೀಳುವಾಗ ಅವನು ಕೆಡವಿದ ಕ್ಯಾನಿನ ನೀರು.

ಸುಡಲು ಕಟ್ಟಿಗೆಯಿಲ್ಲ, ಬೆಂಕಿ ಹಚ್ಚಲು ಸೈನಿಕರು ಬಿಡಲಿಲ್ಲ. ಹತ್ತಿರದಲ್ಲೇ, ದಿಣ್ಣೆಯ ಬೆನ್ನ ಮೇಲೆ, ಇಂಜಿನಿಯರ್ ಜಲ್ಲಿಯ ಪದರ ನೋಡಲು ಅಗೆಸಿದ್ದ ಗುಂಡಿಯಿತ್ತು. ತಲೆ ದಕ್ಷಿಣಕ್ಕಿರಲಿ ಎಂದು ಬಾವಾ ದೇಜಪ್ಪನನ್ನು ದಿಣ್ಣೆಗೆ ಅಡ್ಡಲಾಗಿ ಅದರಲ್ಲಿ ಮಲಗಿಸಿದ. ಹಿಂದೂಗಳ ಮಂತ್ರ ಅವನಿಗೆ ಬರದು, ತನ್ನ ಮಂತ್ರ ಹೇಳಿದರೆ ಸರಿಯೋ ತಪ್ಪೋ ತಿಳಿಯದು. ಮಣ್ಣು ಮುಚ್ಚಿದ ಮೇಲೆ ಕೈ ತಾನಾಗಿಯೇ ಊರಿನ ಕಬರಸ್ತಾನದ ರೂಢಿಗೆ ಹೋಯಿತು. ತಲೆಯ ಬಳಿ ಒಂದು, ಕಾಲಿನ ಬಳಿ ಒಂದು ಉದ್ದನೆಯ ಕಲ್ಲು ನೆಟ್ಟ. ತಲೆಗಲ್ಲಿನ ಅಡಿಯಲ್ಲಿ ದೇಜಪ್ಪನ ಸ್ಟೀಲ್ ಲೋಟವನ್ನು ಬೋರಲು ಹಾಕಿಟ್ಟ.

ಸೈನಿಕರು ಕೊನೆಗೆ ಟ್ಯಾಂಕರ್ ಇಟ್ಟುಕೊಂಡು ಅವನನ್ನು ಬಿಟ್ಟರು. ಬಾಗ್ದಾದು, ಅಮ್ಮಾನು, ಬೊಂಬಾಯಿ ದಾಟಿ ಊರು ಸೇರಿದ. ತನ್ನ ಮನೆಗೆ ಹೋಗುವ ಮೊದಲೇ ಅಡ್ಯಾರಿಗೆ ಹೋಗಿ, ಅಂಗಳದಲ್ಲಿ ಕೆಮ್ಮಿ ನಿಂತ. ದೇಜಪ್ಪನ ಹೆಂಡತಿ ಮೋಹಿನಿ ಹೊರಗೆ ಬಂದಳು.

"ನಿದ್ದೆಯಲ್ಲೇ ಹೋದರು ಮೋಹಿನಕ್ಕ. ನೋವು ಆಗಲಿಲ್ಲ," ಎಂದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಸುಳ್ಳು ಅದು.

ಮೋಹಿನಿ ಕಂಬ ಹಿಡಿದುಕೊಂಡಳು. "ಅವರನ್ನು ಮಲಗಿಸಿದಲ್ಲಿನ ಒಂದು ಮುಷ್ಟಿ ಮಣ್ಣು ತಂದುಕೊಡಿ ಬಾವಾ. ಅದು ಬಂದ ಮೇಲೆ ಬೊಜ್ಜ ಮಾಡಿಸುತ್ತೇನೆ. ಅಲ್ಲಿಯ ತನಕ ಅವರು ಅಲೆಯುತ್ತಾರೆ, ನಾನೂ ಅಲೆಯುತ್ತೇನೆ. ಬೇರೆ ಯಾರದೋ ಮಣ್ಣು ಮಾತ್ರ ತರಬೇಡಿ," ಎಂದಳು.

ಯುದ್ಧ ಮುಗಿದು, ಎಣ್ಣೆಬಾವಿಗಳ ಬೆಂಕಿ ಆರಿಸುವವರಿಗೆ ನೀರಿನ ಟ್ಯಾಂಕರುಗಳು ಬೇಕಾದಾಗ ಕಫೀಲ್ ಬಾವಾನಿಗೆ ಹೇಳಿಕಳಿಸಿದ. "ಹೊಗೆ ಕುಡಿಯಲಿಕ್ಕೆ ಹೋಗುವುದಾ?" ಎಂದು ಹೆಂಡತಿ ರಮ್ಲಾ ಅತ್ತಳು. ಅವನು ಹೋದ. ಹೋದದ್ದು ಮಣ್ಣಿಗಾಗಿ ಎಂದು ಅವಳಿಗೂ ಗೊತ್ತಿತ್ತು.

ತೊಂಬತ್ತೊಂದರ ಆಟಿಯಲ್ಲಿ ಆ ದಿಣ್ಣೆಯನ್ನು ಮತ್ತೆ ಕಂಡಾಗ ಬಾವಾನಿಗೆ ಗುರುತೇ ಹತ್ತಲಿಲ್ಲ. ನಡುಮಧ್ಯಾಹ್ನ, ಆದರೂ ಲಾರಿಯ ದೀಪ ಹಾಕಿಕೊಂಡೇ ಬಂದಿದ್ದ. ಸೂರ್ಯ ಇದ್ದಾನೋ ಇಲ್ಲವೋ ಎಂಬಂತೆ ಹೊಗೆಯ ಹಿಂದೆ ಕೆಂಪಗೆ ಒಂದು ಕಲೆ. ಉತ್ತರದ ಬಾವಿಗಳು ದೂರದಲ್ಲಿ ಗೊರಗುಟ್ಟುತ್ತಿದ್ದವು. ತಿಂಗಳುಗಟ್ಟಲೆ ಎಣ್ಣೆಯ ತುಂತುರು ಬಿದ್ದು ಜಲ್ಲಿಯೆಲ್ಲ ಡಾಂಬರಿನಂತೆ ಹೆಪ್ಪುಗಟ್ಟಿತ್ತು. ಕ್ಯಾಂಪಿನ ಜಾಗದಲ್ಲಿ ಒಂದು ತಗಡೂ ಉಳಿದಿರಲಿಲ್ಲ. ಆದರೆ ಅವನು ನಿಂತುಬಿಟ್ಟದ್ದು ಅದಕ್ಕಲ್ಲ. ದಿಣ್ಣೆಯ ಬೆನ್ನಿನುದ್ದಕ್ಕೂ ಜೋಡಿ ಕಲ್ಲುಗಳು ನಿಂತಿದ್ದವು. ಒಂದು ಈ ಕಡೆ, ಒಂದು ಆ ಕಡೆ, ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಮತ್ತೆ ಒಂದು ಜೋಡಿ, ಮತ್ತೆ ಒಂದು, ಹೊಗೆಯಲ್ಲಿ ಕಾಣದಾಗುವ ತನಕ. ದೇಜಪ್ಪ ಎಲ್ಲ ಕಡೆಯೂ ಮಲಗಿದ್ದ.

ಅಲ್ಲಿ ಮೈನು, ಅಂದರೆ ನೆಲಬಾಂಬು, ತೆಗೆಯುತ್ತಿದ್ದ ಬಾಂಗ್ಲಾದೇಶದ ಸೈನಿಕ ಅವನನ್ನು ತಡೆದ. ದಿಣ್ಣೆಯ ತುಂಬ ಮೈನು ಹೂತಿದ್ದಾರೆ, ತಾವು ಓಡಾಡಲು ಇರಾಕಿನವರು ಬಿಟ್ಟುಕೊಂಡ ದಾರಿ ಮಾತ್ರ ಸುರಕ್ಷಿತ, ಜೋಡಿ ಕಲ್ಲುಗಳು ಆ ದಾರಿಯ ಗುರುತು ಎಂದು ಅರೆಬರೆ ಹಿಂದಿಯಲ್ಲಿ ತಿಳಿಸಿದ. "ದೋ ಪತ್ಥರ್ ಕೆ ಬೀಚ್ ಚಲೋ, ಭಾಯಿ. ಪತ್ಥರ್ ಮತ್ ಉಠಾನಾ." ಕಲ್ಲು ಎತ್ತಬೇಡ. ಕೆಲವು ಕಲ್ಲುಗಳ ಅಡಿಯಲ್ಲೂ ಮೈನು ಇಟ್ಟಿದ್ದಾರೆ.

ಆಮೇಲೆ ಅವನು ಮೈನಿನ ಸದ್ದು ಹಿಡಿಯಲು ಕಿವಿಗೆ ಹಾಕಿಕೊಂಡಿದ್ದ ಯಂತ್ರ ತೆಗೆದು, ಸ್ವಲ್ಪ ನಾಚಿಕೆಯಿಂದ ಕೇಳಿದ: "ಇಸ್ಕೆ ನೀಚೆ ಪೈಪ್ ಹೈ ಕ್ಯಾ? ಪಾನಿ ಕಾ?"

ಈ ನೆಲದಡಿ ನೀರಿನ ಪೈಪ್ ಇಲ್ಲ ಎಂದು ಬಾವಾ ಹೇಳಿದ. ಸೈನಿಕ ಅವನ ಮುಖವನ್ನೇ ನೋಡಿ ಜೀಪಿನ ಕಡೆ ಹೋದ.

ಬಾವಾ ದಿಣ್ಣೆಯ ಈ ತುದಿಯಿಂದ ಆ ತುದಿಗೆ ನಡೆದ. ಪ್ರತಿ ಜೋಡಿಯ ನಡುವೆಯೂ ಸಲಾಂ ಹೇಳಿದ. ಎಲ್ಲವೂ ಒಂದೇ ಅಳತೆ, ಒಂದೇ ಕಪ್ಪು. ಎತ್ತಿ ನೋಡಿದರೆ ಲೋಟ ಇರುವುದು ಒಂದರ ಅಡಿಯಲ್ಲಿ, ಸಾವು ಇರುವುದು ಯಾವುದರಡಿಯೋ. ದಾರಿಯ ನಡುವಿನಿಂದ ಒಂದು ಮುಷ್ಟಿ ಜಲ್ಲಿಮಣ್ಣು ಗೀಚಿ ಕರ್ಚೀಫಿನಲ್ಲಿ ಕಟ್ಟಿಕೊಂಡ. ಯಾರಿಗೆ ಗೊತ್ತಾಗುತ್ತದೆ? ಲಾರಿಯ ಬಾಗಿಲು ತೆಗೆಯುವಷ್ಟರಲ್ಲಿ ಅವನಿಗೇ ಹೇಸಿಗೆಯಾಗಿ, ಗಂಟು ಬಿಚ್ಚಿ ಕೊಡವಿಬಿಟ್ಟ. ಒಂದು ಸುಳ್ಳು ಆಗಲೇ ಆ ಹೆಂಗಸಿನ ಮನೆಯಲ್ಲಿತ್ತು. ಎರಡನೆಯದನ್ನು ಹೊರಲು ಅವನಿಂದ ಆಗಲಿಲ್ಲ.

ಲಾರಿಯಲ್ಲಿ ಅವನ ಮಧ್ಯಾಹ್ನದ ಬುತ್ತಿ ಇತ್ತು, ಅನ್ನ ಮತ್ತು ಮೀನು. ಸೃಷ್ಟಿಸಿದ ದೇವರು ಕ್ಷಮಿಸಲಿ ಎಂದುಕೊಂಡು ಅದನ್ನು ದಿಣ್ಣೆಯ ಎತ್ತರದ ತುದಿಗೆ ಒಯ್ದು, ಫಾಯಿಲ್ ಬಿಡಿಸಿ ಹಾಸಿದ. ಪಕ್ಕದಲ್ಲಿ ತುಂಬಿದ ಕ್ಯಾನ್ ನೀರು ಇಟ್ಟ. "ದೇಜಣ್ಣ, ಉಣ್ಣಿ," ಎಂದ. ಅದೇ ದಾರಿಯಲ್ಲಿ ಕೆಳಗೆ ಬಂದು, ಬೆನ್ನು ಹಾಕಿ ಕೂತ.

ಗಾಳಿಯಿರಲಿಲ್ಲ. ಹೊಗೆ ಕೂಡ ನಿಂತಲ್ಲೇ ನಿಂತಿತ್ತು. ಬಾವಿಗಳ ಗೊರಗು ಒಮ್ಮೆಲೇ ದೂರ ಸರಿದಂತಾಯಿತು. ಆಗ ಹಿಂದಿನಿಂದ ಕ್ಯಾನ್ ಮಗುಚಿದ ಸದ್ದು, ಅದರ ಹಿಂದೆಯೇ ಗುಳುಗುಳು ನೀರು. ಅದೇ ಸದ್ದು. ಒಂದು ವರ್ಷದಿಂದ ಅವನ ಕಿವಿಯಲ್ಲಿ ಕೂತಿದ್ದದ್ದು.

ನೋಡಬಾರದು ಎಂದು ಕುತ್ತಿಗೆ ಕಲ್ಲಾಯಿತು. ಚಾಚಿದ ಆ ಕೈ ನೆನಪಾಯಿತು. ಬಾವಾ ಕೆಮ್ಮಲಿಲ್ಲ. ತಿರುಗಿ, ಬಿದ್ದು ಎದ್ದು ಓಡಿದ.

ದಿಣ್ಣೆಯ ಮೇಲೆ ಯಾರೂ ಇರಲಿಲ್ಲ. ತುಂಬಿ ಭಾರವಾಗಿದ್ದ ಕ್ಯಾನ್ ಉರುಳಿತ್ತು. ಡಾಂಬರಿನಂಥ ನೆಲ ನೀರನ್ನು ಕುಡಿಯಲಿಲ್ಲ. ಸೈನಿಕರು ತುಳಿದು ತುಳಿದು ತಗ್ಗಾದ ದಾರಿಯಲ್ಲಿ ನೀರು ಹರಿಯುತ್ತಿತ್ತು, ಹೊಳೆ ಹಿಂದೆ ಹರಿದಿದ್ದ ಕಡೆಗೇ. ಬಾವಾ ಅದರ ಜೊತೆ ಜೊತೆಗೇ ನಡೆದ. ಜೋಡಿ ಕಲ್ಲುಗಳ ನಡುವೆ ನುಸುಳಿ ನುಸುಳಿ ಹೋದ ನೀರು ಒಂದು ಜೋಡಿಯ ನಡುವೆ ನಿಂತಿತು. ಅಲ್ಲಿ ನೆಲ ಕಣ್ಣಿಗೆ ಬೀಳದಷ್ಟು ಮೆಲ್ಲಗೆ ಕುಸಿದು, ಮನುಷ್ಯನುದ್ದದ ಒಂದು ತಗ್ಗಾಗಿತ್ತು. ನೀರು ಅದರಲ್ಲಿ ಕೂಡಿಕೊಂಡು ಅಲುಗದೆ ನಿಂತಿತ್ತು.

ಅಗೆದು ಮುಚ್ಚಿದ ನೆಲ ಮಾತ್ರ ಹಾಗೆ ಕುಸಿಯುತ್ತದೆ. ಬಾವಾನಿಗೆ ಎಲ್ಲ ಹೊಳೆಯಿತು. ಸೈನಿಕರು ಮೈನು ಹೂಳಲು ಬಂದಾಗ ಈ ದಿಣ್ಣೆಯ ಮೇಲಿದ್ದದ್ದು ಅವನು ನೆಟ್ಟ ಜೋಡಿ ಒಂದೇ. ಗೋರಿಯೊಳಗೆ ಮೈನು ಹೂಳಲು ಅವರಿಗೂ ಮನಸ್ಸು ಬಂದಿರಲಿಕ್ಕಿಲ್ಲ. ದಾರಿಯನ್ನು ಅದರ ಮೇಲಿಂದಲೇ ಎಳೆದು, ಅದೇ ಅಳತೆಯಲ್ಲಿ ಉಳಿದ ಕಲ್ಲುಗಳನ್ನು ನೆಟ್ಟಿದ್ದರು. ಅಷ್ಟು ಜನರನ್ನು ದೇಜಪ್ಪ ತನ್ನ ಎದೆಯ ಮೇಲಿಂದ ದಾಟಿಸಿದ್ದ. ಇಂದು ಬಾವಾನನ್ನೂ.

ಅವನು ಮೊಣಕಾಲೂರಿ ದಕ್ಷಿಣದ ಕಲ್ಲನ್ನು ಎರಡೂ ಕೈಯಿಂದ ಹಿಡಿದ. ಕೆಳಗಿನಿಂದ ಸೈನಿಕ "ಮತ್ ಉಠಾವ್!" ಎಂದು ಕಿರುಚಿದ. ಬಾವಾ ಎತ್ತಿದ.

ಲೋಟ ಇತ್ತು, ಇಟ್ಟ ಹಾಗೆಯೇ ಬೋರಲಾಗಿ. ಅದನ್ನು ಎತ್ತಿದಾಗ, ಆ ಕಪ್ಪು ಲೋಕದಲ್ಲಿ, ಲೋಟದ ಬಾಯಿಯಷ್ಟು ಅಗಲದ ಬಿಳಿ ಮರಳು ಕಂಡಿತು. ಮುಟ್ಟಿದ. ಒದ್ದೆಯಿತ್ತು. ಈಗಿನ ನೀರು ಅಲ್ಲಿಯವರೆಗೆ ಬಂದಿರಲಿಲ್ಲ, ಕಲ್ಲಿನ ಸುತ್ತಲ ಹೆಪ್ಪು ಒಣಗಿಯೇ ಇತ್ತು. ಬಾವಾ ಆ ಮರಳನ್ನು ಲೋಟಕ್ಕೆ ತುಂಬಿ, ಕರ್ಚೀಫಿನಿಂದ ಬಾಯಿ ಕಟ್ಟಿ, ಮಗುವಿನ ಹಾಗೆ ಅತ್ತ.

ದೀಪಾವಳಿಯ ಹೊತ್ತಿಗೆ ಅಡ್ಯಾರಿನಲ್ಲಿ ಬೊಜ್ಜ ಆಯಿತು. ಒಳಕೋಣೆಯಲ್ಲಿ ಎಲೆ ಹಾಕಿ, ಕೋಳಿಸಾರು ಬಡಿಸಿ, ಅದೇ ಸ್ಟೀಲ್ ಲೋಟದಲ್ಲಿ ನೀರಿಟ್ಟು, ಮೋಹಿನಿ ಬಾಗಿಲು ಎಳೆದುಕೊಂಡಳು. ಅಂಗಳದ ಮೂಲೆಯಲ್ಲಿ ನಿಂತಿದ್ದ ಬಾವಾನನ್ನು ಕರೆದಳು. "ಅವರ ಕೊನೆಗಾಲಕ್ಕೆ ಜೊತೆಗಿದ್ದದ್ದು ನೀವು. ಹೊತ್ತಾದ ಮೇಲೆ ಬಾಗಿಲು ನೀವೇ ತಟ್ಟಿ."

ಅವಳು ಮಾತು ಮುಗಿಸುವ ಮೊದಲೇ ಬಾವಾ ತಟ್ಟಿಬಿಟ್ಟ.

"ಇಷ್ಟು ಬೇಗವಾ? ಅವರು ಕೈಯಿಕ್ಕುವಷ್ಟಾದರೂ ಕಾಯಬೇಕಲ್ಲ!" ನೆಂಟರು ಗದರಿದರು.

"ಇಲ್ಲ ಮೋಹಿನಕ್ಕ," ಎಂದ ಬಾವಾ. ಬಾಗಿಲಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ಅವರು ನಿದ್ದೆಯಲ್ಲಿ ಹೋದದ್ದಲ್ಲ. ನನ್ನ ಬೆನ್ನ ಹಿಂದೆ ಬಿದ್ದಿದ್ದರು, ನನ್ನ ಕಡೆ ಕೈ ಚಾಚಿದ್ದರು. ಹೊಳೆ ಬಂದಿದೆ ಅಂತ ನಾನು ಮರ್ಯಾದೆಗೆ ಕಾದು ಕೂತೆ. ಇನ್ನು ಕಾಯಲಿಕ್ಕೆ ನನ್ನಿಂದ ಆಗುವುದಿಲ್ಲ."

ಒಳಗೆ, ಯಾರೋ ಕುಡಿದು ಮುಗಿಸಿ ಲೋಟವನ್ನು ನೆಲದ 
ಮೇಲೆ ಇಟ್ಟ ಸದ್ದಾಯಿತು. ಮೋಹಿನಿ ಬಾವಾನ ಕೈಯ ಮೇಲೆ ತನ್ನ ಕೈಯಿಟ್ಟು ಬಾಗಿಲು ದೂಡಿದಳು.